ವಿದ್ಯುತ್ ಗಿಟಾರಿಗೆ ಒಂದು ಸರಳ ವಿಳಂಬ ಪೆಡಲು: ತತ್ತ್ವ ಮತ್ತು ರಚನೆ

ಧ್ವನಿಯು ವಾಯುವಿನಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು ವೇಗದಿಂದ ಸಂಚರಿಸುವುದೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ವಿಜಯಪುರದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅದರ ಮೇಲಿನ ಗ್ಯಾಲರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ, ಎದುರು ಗೋಡೆಯನ್ನು ಮುಟ್ಟಿ ನೇರವಾಗಿ ಹಿಂದಿರುಗುವ ಧ್ವನಿ 76 ಮೀಟರು ಹಾದಿಯನ್ನು ಕ್ರಮಿಸಬೇಕಾಗುತ್ತದೆ. ಅದಕ್ಕೆ ಹಿಡಿಯುವ ಕಾಲ 0.22 ಸೆಕೆಂಡು. ಮೂಲಧ್ವನಿಗೂ ಅದರ ಮಾರ್ದನಿಗೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೆ ಕಿವಿಯು ಅವೆರಡನ್ನೂ ಬೇರೆಬೇರೆಯಾಗಿ ಗ್ರಹಿಸುತ್ತದೆ. ಗುಮ್ಮಟದಲ್ಲಿ ಈ ಅಂತರ ಎರಡು ಪಟ್ಟಿಗೂ ಮಿಗಿಲು. ಕಟ್ಟಡವು ಈ ವಿಳಂಬವನ್ನು ದೂರದಿಂದ ಪಡೆಯುತ್ತದೆ. ವಾದಕನ ಕಾಲಬಳಿ ನೆಲದ ಮೇಲಿರುವ ಅಂಗೈಯಗಲದ ಪೆಟ್ಟಿಗೆಯೊಳಗೆ ಅಷ್ಟು ದೂರವಿಲ್ಲ. ಅಲ್ಲಿ ಅದೇ 0.22 ಸೆಕೆಂಡನ್ನು ಪಡೆಯುವ ಬಗೆ ಹೇಗೆ?

ಅಂತಹ ಪೆಟ್ಟಿಗೆಯೊಂದನ್ನು ಪದವಿ ತರಗತಿಯ ವಿದ್ಯಾರ್ಥಿಯು ತಾನೇ ಕಟ್ಟಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಿದ್ದೇವೆ. ಸಂಗೀತಶಾಸ್ತ್ರದಲ್ಲಿ ವಿಳಂಬವೆಂಬುದು ಲಯದ ಹೆಸರು. ನಮ್ಮ ವಿಳಂಬ ಅದಲ್ಲ. ಗಿಟಾರಿನಿಂದ ಹೊರಟ ವಿದ್ಯುತ್ ಸಂಕೇತವನ್ನು ಒಂದಿಷ್ಟು ಕಾಲ ತಡೆದಿಟ್ಟು, ಅನಂತರ ಮೂಲದೊಡನೆ ಬೆರೆಸಿ ಹೊರಬಿಡುವುದಷ್ಟೇ ಇಲ್ಲಿ ಅದರ ಅರ್ಥ. ಇಂತಹ ಯಂತ್ರದ ಸಿದ್ಧ ಹಲಗೆಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಅಗ್ಗವಾಗಿಯೇ ದೊರೆಯುತ್ತವೆ. ಮೂರು ತಂತಿ ಜೋಡಿಸಿದರೆ ಸದ್ದು ಬರುತ್ತದೆ. ಆದರೆ ಸದ್ದು ಏಕೆ ಹಾಗೆ ಬಂದಿತು, ವಿಳಂಬವನ್ನು ಹೆಚ್ಚಿಸಿದೊಡನೆ ಅದೇಕೆ ಮಸುಕಾಯಿತು ಎಂದು ಕೇಳಿದರೆ ಆ ಹಲಗೆ ಉತ್ತರ ಹೇಳುವುದಿಲ್ಲ. ಆ ಉತ್ತರವೇ ಮುಖ್ಯವೆಂದು ನಾವು ಭಾವಿಸುತ್ತೇವೆ. ಕಾಲವನ್ನು ಯಾವ ಯಂತ್ರವೂ ಬಿಟ್ಟಿಯಾಗಿ ಕೊಡದು. ಅದಕ್ಕೆ ಸ್ವರದ ಸ್ವಚ್ಛತೆಯಲ್ಲಿ ಬೆಲೆ ತೆರಬೇಕು. ಮುಂದೆ ವಿವರಿಸುವ ಮಂಡಲದ ಹಲವು ಭಾಗಗಳು ಆ ಬೆಲೆಯ ಲೆಕ್ಕಾಚಾರಕ್ಕಾಗಿಯೇ ಇವೆ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ರೋಧಕ, ಧಾರಕ ಎಂಬ ಪದಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಉಂಟು. ಆದರೆ ಅಂಗಡಿಗೆ ಹೋಗಿ ಧಾರಕವನ್ನು ಕೇಳಿದವನು ಬರಿಗೈಯಲ್ಲಿ ಹಿಂದಿರುಗುವುದೇ ಹೆಚ್ಚು. ಕಟ್ಟಲು ಹೊರಟವನಿಗಾಗಿ ಬರೆದ ಲೇಖನವಾದುದರಿಂದ ರೆಸಿಸ್ಟರು, ಕೆಪಾಸಿಟರು ಎಂಬ ಬಳಕೆಯ ಹೆಸರುಗಳನ್ನೇ ಇಟ್ಟುಕೊಂಡಿದ್ದೇವೆ.

ಹಿಂದಿನ ಎರಡು ಉಪಾಯಗಳು

ಮೊದಲ ಉಪಾಯ ಕಾಂತೀಯ ಟೇಪು. ಅಮೆರಿಕದ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಎಂಬಾತನು 1950ರ ದಶಕದ ನಡುವಿನಲ್ಲಿ ಮುದ್ರಿಸಿದ ಹಾಡುಗಳಲ್ಲಿ ಕೇಳಿಬರುವ ಒಂದೇ ಒಂದು ಚುರುಕಾದ ಮಾರ್ದನಿ ಈ ಉಪಾಯದ ಫಲ. ಟೇಪಿನ ಮೇಲೆ ಬರೆಯುವ ತಲೆ ಒಂದೆಡೆ, ಓದುವ ತಲೆ ಅದಕ್ಕೆ ತುಸು ಮುಂದೆ. ಬರೆದ ಸ್ವರ ಓದುವ ತಲೆಯನ್ನು ತಲಪುವವರೆಗೆ ಹಿಡಿಯುವ ಕಾಲವೇ ವಿಳಂಬ. ಟೇಪು ಸೆಕೆಂಡಿಗೆ 19 ಸೆಂಟಿಮೀಟರು ಓಡುತ್ತಿದ್ದು ತಲೆಗಳ ಅಂತರ 2.5 ಸೆಂಟಿಮೀಟರು ಇದ್ದಲ್ಲಿ ವಿಳಂಬ 0.13 ಸೆಕೆಂಡು. ಹೆಚ್ಚಿನ ವಿಳಂಬ ಬೇಕಾದರೆ ಟೇಪನ್ನು ನಿಧಾನಗೊಳಿಸಬೇಕು. ನಿಧಾನಗೊಳಿಸಿದರೆ ತಾರಸ್ವರಗಳ ಅಲೆಗಳು ಟೇಪಿನ ಮೇಲೆ ಒತ್ತೊತ್ತಾಗಿ ಬಿದ್ದು ಅಳಿಸಿಹೋಗುತ್ತವೆ. ನಾವು ಹೇಳಿದ ಬೆಲೆ ಇಲ್ಲಿಯೇ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ.

ಎರಡನೆಯ ಉಪಾಯವನ್ನು ಫಿಲಿಪ್ಸ್ ಸಂಸ್ಥೆಯ ಸಂಶೋಧಕರಾದ ಸ್ಯಾಂಗ್ಸ್ಟರ್ ಮತ್ತು ಟೀರ್ ಎಂಬವರು 1969ರಲ್ಲಿ ಪ್ರಕಟಿಸಿದರು. ಬೆಂಕಿ ಬಿದ್ದ ಮನೆಗೆ ಜನರು ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಬಕೆಟ್ಟುಗಳನ್ನು ಸಾಗಿಸುವಂತೆ, ಇಲ್ಲಿ ಸಣ್ಣ ಕೆಪಾಸಿಟರುಗಳ ಸಾಲೊಂದು ವಿದ್ಯುದಾವೇಶವನ್ನು ಒಂದರಿಂದ ಮತ್ತೊಂದಕ್ಕೆ ಸಾಗಿಸುತ್ತದೆ. ಅದಕ್ಕೆ ಬಕೆಟ್ ಬ್ರಿಗೇಡ್ ಎಂದೇ ಹೆಸರಾಯಿತು. ಗಡಿಯಾರದ ಪ್ರತಿ ಮಿಡಿತಕ್ಕೆ ಎರಡು ಹೆಜ್ಜೆಯಂತೆ ಆವೇಶ ಮುಂದುವರಿಯುವುದರಿಂದ, ಮೆಟ್ಟಿಲುಗಳ ಸಂಖ್ಯೆಯನ್ನು ಗಡಿಯಾರದ ಆವೃತ್ತಿಯ ಇಮ್ಮಡಿಯಿಂದ ಭಾಗಿಸಿದರೆ ವಿಳಂಬ ದೊರೆಯುತ್ತದೆ. ಜಪಾನಿನ ಎಂ.ಎನ್. 3005 ಎಂಬ ಪ್ರಸಿದ್ಧ ಐ.ಸಿ.ಯಲ್ಲಿ 4096 ಮೆಟ್ಟಿಲುಗಳು. ಗಡಿಯಾರ 10 ಕಿಲೋಹರ್ಟ್ಸ್ ಇದ್ದಾಗ ವಿಳಂಬ 205 ಮಿಲಿಸೆಕೆಂಡು. ಇನ್ನೂ ಹೆಚ್ಚು ಬೇಕೆಂದು ಗಡಿಯಾರವನ್ನು 5 ಕಿಲೋಹರ್ಟ್ಸ್‌ಗೆ ಇಳಿಸಿದರೆ ವಿಳಂಬವೇನೋ ಇಮ್ಮಡಿಯಾಗುತ್ತದೆ. ಆದರೆ ಗಡಿಯಾರದ ಅರ್ಧ ಆವೃತ್ತಿಗಿಂತ ಮೇಲಿನ ಸ್ವರವನ್ನು ಯಾವ ಮಾದರಿಯೆತ್ತುವ ಯಂತ್ರವೂ ಸರಿಯಾಗಿ ಹಿಡಿಯಲಾರದಾದ ಕಾರಣ, 2.5 ಕಿಲೋಹರ್ಟ್ಸ್‌ನಿಂದಾಚೆಗಿನದು ನಷ್ಟವಾಗುತ್ತದೆ. ಉಪಾಯ ಬದಲಾದರೂ ಬೆಲೆ ಬದಲಾಗಲಿಲ್ಲ.

ನಾವು ಆರಿಸಿಕೊಂಡ ಐ.ಸಿ.

ಪಿ.ಟಿ. 2399 ಎಂಬುದು ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿ ಸಂಸ್ಥೆ ರೂಪಿಸಿದ 16 ಪಿನ್ನುಗಳ ಐ.ಸಿ. ಇದನ್ನು ರೂಪಿಸಿದ್ದು ಗಿಟಾರಿಗಾಗಿ ಅಲ್ಲ, ಕರಾವೊಕೆ ಯಂತ್ರಗಳಲ್ಲಿ ಗಾಯಕನ ಕಂಠಕ್ಕೆ ಒಂದಿಷ್ಟು ಮಾರ್ದನಿಯನ್ನು ಕೂಡಿಸುವುದಕ್ಕಾಗಿ. ನಮ್ಮ ಊರುಗಳ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ನಿರೂಪಕನ ಮಾತು ಮೂರು ಮೂರು ಬಾರಿ ಮೊಳಗುವುದನ್ನು ಕೇಳಿದವರಿಗೆ ಈ ಬಗೆಯ ಮಾರ್ದನಿ ಅಪರಿಚಿತವೇನಲ್ಲ. ಗಿಟಾರು ಪೆಡಲುಗಳನ್ನು ಕಟ್ಟುವ ಹವ್ಯಾಸಿಗಳು ಇದನ್ನು ತಮ್ಮದಾಗಿಸಿಕೊಂಡದ್ದು ಅದು ಅಗ್ಗವೆಂಬ ಕಾರಣದಿಂದ ಮಾತ್ರವಲ್ಲ. ಮಾದರಿಯೆತ್ತುವುದು, ಸ್ಮೃತಿಯಲ್ಲಿಡುವುದು, ಮರಳಿ ಸ್ವರವಾಗಿಸುವುದು ಎಂಬ ಮೂರು ಕೆಲಸಗಳೂ ಅದರೊಳಗೇ ನಡೆಯುತ್ತವೆ.

ಇದರ ಸ್ಮೃತಿಯ ಪ್ರಮಾಣ 44 ಕಿಲೋಬಿಟ್. ಇದು ಸ್ಥಿರವಾದದ್ದು, ಹೆಚ್ಚಿಸಲು ಬಾರದು. ಪ್ರತಿ ಗಳಿಗೆಯ ಸಂಕೇತದ ಎತ್ತರವನ್ನು ಅಳೆದು ಅಂಕಿಯಾಗಿ ಬರೆದಿಡುವಷ್ಟು ಜಾಗ ಇಲ್ಲಿಲ್ಲವಾದುದರಿಂದ ಐ.ಸಿ. ಒಂದು ಮಿತವ್ಯಯದ ಮಾರ್ಗವನ್ನು ಹಿಡಿಯುತ್ತದೆ. ಸಂಕೇತವು ಹಿಂದಿನ ಕ್ಷಣಕ್ಕಿಂತ ಮೇಲೇರಿತೋ ಕೆಳಗಿಳಿಯಿತೋ ಎಂಬುದನ್ನು ಮಾತ್ರ ಒಂದು ಬಿಟ್ಟಿನಲ್ಲಿ ಬರೆದಿಡುತ್ತದೆ. ಮರಳಿ ಓದುವಾಗ ಏರು ಎಂದರೆ ಒಂದು ಮೆಟ್ಟಿಲು ಮೇಲೆ, ಇಳಿ ಎಂದರೆ ಒಂದು ಮೆಟ್ಟಿಲು ಕೆಳಗೆ. ಇದಕ್ಕೆ ಡೆಲ್ಟಾ ಮಾಡ್ಯುಲೇಷನ್ ಎಂದು ಹೆಸರು. ಹೆಜ್ಜೆಗಳು ಬೇಗಬೇಗ ಬಿದ್ದಷ್ಟೂ ಮರುಸೃಷ್ಟಿಯಾದ ಅಲೆ ಮೂಲವನ್ನು ಹೋಲುತ್ತದೆ. ನಿಧಾನವಾದಾಗ, ಜೋರಾದ ತಾರಸ್ವರದ ಕಡಿದಾದ ಏರನ್ನು ಮೆಟ್ಟಿಲುಗಳು ಹಿಂಬಾಲಿಸಲಾರವು. ಉಳಿದೆಡೆ ಮೆಟ್ಟಿಲುಗಳೇ ಒರಟಾಗಿ, ಮೊರೆತವಾಗಿ ಕೇಳಿಸತೊಡಗುತ್ತವೆ.

ಲೆಕ್ಕ ಹೀಗಿದೆ. 342 ಮಿಲಿಸೆಕೆಂಡು ವಿಳಂಬದಲ್ಲಿ ಸ್ಮೃತಿಯೆಲ್ಲ ಒಮ್ಮೆ ತುಂಬಿ ತೆರವಾಗಬೇಕಾದರೆ ಸೆಕೆಂಡಿಗೆ ಸುಮಾರು 1,30,000 ಬಿಟ್ಟುಗಳು ಬರೆಯಲ್ಪಡುತ್ತವೆ. ಸಿ.ಡಿ. ತಟ್ಟೆಯ ಒಂದು ಪಕ್ಕದ ಸ್ವರಕ್ಕೆ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 16 ಬಿಟ್ಟುಗಳು, ಒಟ್ಟು 7,05,600. ನಮ್ಮದು ಅದರ ಐದನೆಯ ಒಂದು ಪಾಲಿಗೂ ಕಡಿಮೆ. ಅದೇ ವಿಳಂಬವನ್ನು 31 ಮಿಲಿಸೆಕೆಂಡಿಗೆ ಇಳಿಸಿದರೆ ಬಿಟ್ಟುಗಳ ಸಂಖ್ಯೆ ಸೆಕೆಂಡಿಗೆ 14 ಲಕ್ಷವನ್ನು ಮುಟ್ಟುತ್ತದೆ.

ಬಿಟ್ಟುಗಳ ಈ ವೇಗವನ್ನು ನಿರ್ಧರಿಸುವ ಗಡಿಯಾರ ಐ.ಸಿ.ಯೊಳಗೇ ಇದೆ. ಅದರ ಕೀಲಿ 6ನೆಯ ಪಿನ್ನಿನಿಂದ ಗ್ರೌಂಡಿಗೆ ಜೋಡಿಸುವ ಒಂದು ರೆಸಿಸ್ಟರು. ತಯಾರಕರ ಪಟ್ಟಿಯಂತೆ 27.6 ಕಿಲೋಓಮ್ ಇದ್ದಾಗ ಗಡಿಯಾರ 2 ಮೆಗಾಹರ್ಟ್ಸ್, ವಿಳಂಬ 342 ಮಿಲಿಸೆಕೆಂಡು, 17.2 ಕಿಲೋಓಮಿಗೆ 3 ಮೆಗಾಹರ್ಟ್ಸ್, 228 ಮಿಲಿಸೆಕೆಂಡು, 12.1 ಕಿಲೋಓಮಿಗೆ 4 ಮೆಗಾಹರ್ಟ್ಸ್, 171 ಮಿಲಿಸೆಕೆಂಡು. ಆವೃತ್ತಿಯನ್ನೂ ವಿಳಂಬವನ್ನೂ ಗುಣಿಸಿ ನೋಡಿದರೆ ಮೂರು ಸಲವೂ 6,84,000 ಎಂಬ ಒಂದೇ ಸಂಖ್ಯೆ ಬರುತ್ತದೆ. ಸ್ಮೃತಿ ಸ್ಥಿರವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಗಡಿಯಾರದ ಮಿಡಿತ 5ನೆಯ ಪಿನ್ನಿನಲ್ಲಿ ಹೊರಗೂ ದೊರೆಯುವುದರಿಂದ, ಕಾಲೇಜಿನ ಆಸಿಲೋಸ್ಕೋಪಿನಲ್ಲಿ ಅದನ್ನು ಅಳೆದು ವಿಳಂಬವನ್ನು ಕಂಡುಕೊಳ್ಳುವುದು ಒಂದು ಒಳ್ಳೆಯ ಪ್ರಯೋಗವಾಗುತ್ತದೆ. ಪಟ್ಟಿ ಕೈಗೆ ಸಿಗದಿದ್ದಾಗ ಒಂದು ಅಂದಾಜಿನ ಸೂತ್ರವೂ ಸಾಕು: ಕಿಲೋಓಮ್‌ಗಳನ್ನು 11.5ರಿಂದ ಗುಣಿಸಿ 30 ಕೂಡಿಸಿದರೆ ಮಿಲಿಸೆಕೆಂಡುಗಳು ದೊರೆಯುತ್ತವೆ. ಗೋಳಗುಮ್ಮಟದ 220 ಮಿಲಿಸೆಕೆಂಡಿಗೆ ಈ ಸೂತ್ರ ಸುಮಾರು 16.5 ಕಿಲೋಓಮನ್ನು ಕೊಡುತ್ತದೆ.

ಅನೇಕ ಹವ್ಯಾಸಿ ನಕ್ಷೆಗಳಲ್ಲಿ 6ನೆಯ ಪಿನ್ನಿಗೆ 50 ಅಥವಾ 100 ಕಿಲೋಓಮಿನ ಪೊಟೆನ್ಷಿಯೊಮೀಟರನ್ನು ಹಾಕಿ 600 ಮಿಲಿಸೆಕೆಂಡಿಗೂ ಮೀರಿದ ವಿಳಂಬವನ್ನು ಪಡೆದಿರುವುದುಂಟು. ಐ.ಸಿ. ಕೆಡುವುದಿಲ್ಲ, ಸದ್ದೂ ಬರುತ್ತದೆ. ಆದರೆ ಬಿಟ್ಟುಗಳು ಸೆಕೆಂಡಿಗೆ 75 ಸಾವಿರಕ್ಕೂ ಕೆಳಗಿಳಿದು, ಸ್ವರದ ಬೆನ್ನಿಗೆ ಮರಳು ಸುರಿದಂತಹ ಮೊರೆತ ಅಂಟಿಕೊಳ್ಳುತ್ತದೆ. ಅದನ್ನೇ ಮೆಚ್ಚುವ ವಾದಕರಿದ್ದಾರೆ. ರುಚಿಯ ಬಗ್ಗೆ ವಾದ ಹೂಡುವುದಿಲ್ಲ. ಮೊದಲ ಬಾರಿಗೆ ಕಟ್ಟುವವನು ಮಾತ್ರ ತಯಾರಕರು ಹೇಳಿದ ಮಿತಿಯೊಳಗೆ ನಿಲ್ಲುವುದು ಲೇಸು. ಇಲ್ಲವಾದರೆ ತನ್ನ ಬೆಸುಗೆಯ ದೋಷ ಯಾವುದು, ಐ.ಸಿ.ಯ ಸಹಜ ಗುಣ ಯಾವುದು ಎಂದು ಅವನಿಗೆ ತಿಳಿಯುವುದೇ ಇಲ್ಲ. ನಾವು 25 ಕಿಲೋಓಮಿನ ಪೊಟೆನ್ಷಿಯೊಮೀಟರಿಗೆ 2.2 ಕಿಲೋಓಮಿನ ಒಂದು ಸ್ಥಿರ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿದ್ದೇವೆ. ಇದರಿಂದ ವಿಳಂಬ 55ರಿಂದ 340 ಮಿಲಿಸೆಕೆಂಡಿನವರೆಗೆ ಬದಲಾಗುತ್ತದೆ. 25 ದೊರೆಯದ ಊರಿನಲ್ಲಿ 22 ಕಿಲೋಓಮಿನದೂ ಆದೀತು. ಆಗ ಗರಿಷ್ಠ ವಿಳಂಬ ಸುಮಾರು 308.

ಆ 2.2 ಕಿಲೋಓಮಿನ ರೆಸಿಸ್ಟರನ್ನು ಬಿಟ್ಟುಬಿಡುವ ಮನಸ್ಸು ಯಾರಿಗಾದರೂ ಬಂದೀತು. ಹಾಗೆ ಮಾಡಬಾರದು. ವಿದ್ಯುತ್ತನ್ನು ಹಾಯಿಸುವ ಕ್ಷಣದಲ್ಲಿ 6ನೆಯ ಪಿನ್ನಿನಿಂದ ಗ್ರೌಂಡಿಗೆ ಇರುವ ರೋಧ ತೀರ ಕಡಿಮೆಯಾಗಿದ್ದರೆ ಈ ಐ.ಸಿ. ಸ್ತಬ್ಧವಾಗಿ ನಿಂತುಬಿಡುತ್ತದೆ, ವಿಳಂಬಿತ ಸ್ವರ ಬರುವುದೇ ಇಲ್ಲ. ವಿದ್ಯುತ್ತನ್ನು ತೆಗೆದು, ಗುಂಡಿಯನ್ನು ತಿರುಗಿಸಿ, ಮತ್ತೆ ಹಾಯಿಸಿದಾಗಲೇ ಅದು ಎಚ್ಚರಗೊಳ್ಳುವುದು. ವೇದಿಕೆಯ ಮೇಲೆ ಇದು ನಡೆದರೆ ವಾದಕನ ಪಾಡೇನೆಂಬುದನ್ನು ಊಹಿಸಬಹುದು.

ಮಂಡಲದ ರಚನೆ

ಪಿನ್ನುಗಳ ಸಂಖ್ಯೆಯನ್ನು ಹಿಡಿದು ಇಡೀ ಮಂಡಲವನ್ನು ಮಾತಿನಲ್ಲಿಯೇ ವಿವರಿಸುತ್ತೇವೆ. ಓದುತ್ತ ಹೋದಂತೆ ವಾಚಕನು ತನ್ನ ಟಿಪ್ಪಣಿ ಪುಸ್ತಕದಲ್ಲಿ ನಕ್ಷೆಯನ್ನು ಬರೆದುಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ. ಬರೆದ ನಕ್ಷೆ ಮರೆಯುವುದಿಲ್ಲ.

ಮೊದಲು ವಿದ್ಯುತ್ ಪೂರೈಕೆ. 9 ವೋಲ್ಟಿನ ಅಡಾಪ್ಟರು. ಗಿಟಾರು ಪೆಡಲುಗಳ ರೂಢಿಯಂತೆ ನಡುವಿನ ಕಡ್ಡಿ ಋಣ. ಧನತಂತಿಯಲ್ಲಿ 1ಎನ್5817 ಡಯೋಡು ಒಂದನ್ನು ಸರಣಿಯಲ್ಲಿಟ್ಟರೆ ತಪ್ಪು ಅಡಾಪ್ಟರು ಚುಚ್ಚಿದರೂ ಅಪಾಯವಿಲ್ಲ. ಡಯೋಡಿನಾಚೆ 100 ಮೈಕ್ರೋಫ್ಯಾರಡಿನ ಕೆಪಾಸಿಟರು ಗ್ರೌಂಡಿಗೆ. ಅಲ್ಲಿಂದ ಒಂದು ಕವಲು 78ಎಲ್05 ಎಂಬ ನಿಯಂತ್ರಕಕ್ಕೆ ಹೋಗಿ 5 ವೋಲ್ಟು ಆಗುತ್ತದೆ. ಅದರ ಹೊರಭಾಗದಲ್ಲಿ 47 ಮೈಕ್ರೋಫ್ಯಾರಡ್ ಹಾಗೂ 100 ನ್ಯಾನೋಫ್ಯಾರಡ್, ಎರಡೂ ಗ್ರೌಂಡಿಗೆ. ಈ 5 ವೋಲ್ಟು ಪಿ.ಟಿ. 2399ರ 1ನೆಯ ಪಿನ್ನಿಗೆ. 100 ನ್ಯಾನೋಫ್ಯಾರಡಿನದನ್ನು ಆ ಪಿನ್ನಿಗೆ ಅಂಟಿಕೊಂಡಂತೆಯೇ ಇಡಬೇಕು. ಇನ್ನೊಂದು ಕವಲು 9 ವೋಲ್ಟಿನಲ್ಲಿಯೇ ಟಿ.ಎಲ್. 072 ಎಂಬ ಜೋಡಿ ಆಪ್‌ಆಂಪಿನ 8ನೆಯ ಪಿನ್ನಿಗೆ. ಅದರ 4ನೆಯದು ಗ್ರೌಂಡಿಗೆ. 9 ವೋಲ್ಟಿನಿಂದ ಗ್ರೌಂಡಿಗೆ 10 ಕಿಲೋಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿದರೆ ಅವುಗಳ ನಡುವೆ ಸುಮಾರು 4.5 ವೋಲ್ಟು ದೊರೆಯುತ್ತದೆ. 47 ಮೈಕ್ರೋಫ್ಯಾರಡಿನಿಂದ ಅದನ್ನು ಸ್ಥಿರಗೊಳಿಸಬೇಕು. ಇದನ್ನು ಮುಂದೆ ಮಧ್ಯಬಿಂದು ಎಂದು ಕರೆಯುತ್ತೇವೆ. ಒಟ್ಟು ಪ್ರವಾಹ 15 ಮಿಲಿಆಂಪಿಯರಿಗೂ ಮೇಲಾಗುವುದರಿಂದ ಸಣ್ಣ ಬ್ಯಾಟರಿ ಹೆಚ್ಚು ಕಾಲ ಬಾಳದು.

ಗಿಟಾರಿನ ಜ್ಯಾಕಿನಿಂದ ಬಂದ ತಂತಿ 100 ನ್ಯಾನೋಫ್ಯಾರಡಿನ ಮೂಲಕ ಟಿ.ಎಲ್. 072ರ 3ನೆಯ ಪಿನ್ನಿಗೆ. ಅದೇ ಪಿನ್ನಿನಿಂದ 1 ಮೆಗಾಓಮ್ ಮಧ್ಯಬಿಂದುವಿಗೆ. 2ನೆಯ ಪಿನ್ನನ್ನು 1ಕ್ಕೆ ನೇರವಾಗಿ ಜೋಡಿಸಬೇಕು. ಇಷ್ಟು ದೊಡ್ಡ ರೋಧವೇಕೆಂದರೆ, ಗಿಟಾರಿನ ಪಿಕಪ್ಪು ಎಂಬುದು ಸಾವಿರಾರು ಸುತ್ತುಗಳ ತಂತಿಯ ಸುರುಳಿ. ಅದರ ಪ್ರೇರಕತ್ವ ಕೆಲವು ಹೆನ್ರಿಗಳಷ್ಟು. ಕಡಿಮೆ ರೋಧವನ್ನು ಅದಕ್ಕೆ ಹೊರಿಸಿದರೆ ತಾರಸ್ವರಗಳು ಅಲ್ಲಿಯೇ ಕುಂದುತ್ತವೆ.

1ನೆಯ ಪಿನ್ನಿನಿಂದ ಸಂಕೇತ ಎರಡು ದಾರಿ ಹಿಡಿಯುತ್ತದೆ. ಒಂದು ನೇರದ ದಾರಿ: 22 ಕಿಲೋಓಮಿನ ಮೂಲಕ ಅದೇ ಆಪ್‌ಆಂಪಿನ 6ನೆಯ ಪಿನ್ನಿಗೆ. 6 ಮತ್ತು 7ರ ನಡುವೆ ಇನ್ನೊಂದು 22 ಕಿಲೋಓಮ್; 5ನೆಯದು ಮಧ್ಯಬಿಂದುವಿಗೆ. ಈ ಭಾಗವೇ ಕಡೆಯಲ್ಲಿ ಮೂಲಸ್ವರವನ್ನೂ ಮಾರ್ದನಿಯನ್ನೂ ಬೆರೆಸುವ ಸ್ಥಳ. 7ನೆಯ ಪಿನ್ನು 1 ಮೈಕ್ರೋಫ್ಯಾರಡಿನ ಮೂಲಕ ಹೊರಜ್ಯಾಕಿಗೆ. ಜ್ಯಾಕಿನಿಂದ ಗ್ರೌಂಡಿಗೆ 100 ಕಿಲೋಓಮ್.

ಇನ್ನೊಂದು ವಿಳಂಬದ ದಾರಿ. 1ನೆಯ ಪಿನ್ನಿನಿಂದ 1 ಮೈಕ್ರೋಫ್ಯಾರಡ್, ಅನಂತರ 10 ಕಿಲೋಓಮ್; ಅದು ತಲಪುವ ಸ್ಥಳವನ್ನು ‘ಅ’ ಬಿಂದು ಎನ್ನೋಣ. ‘ಅ’ದಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್, ‘ಅ’ದಿಂದ ಪಿ.ಟಿ. 2399ರ 16ನೆಯ ಪಿನ್ನಿಗೆ 10 ಕಿಲೋಓಮ್, 15ನೆಯದಕ್ಕೆ ಮತ್ತೊಂದು 10 ಕಿಲೋಓಮ್. 15 ಮತ್ತು 16ರ ನಡುವೆ 2.2 ನ್ಯಾನೋಫ್ಯಾರಡ್. ಐ.ಸಿ.ಯ ಮತ್ತೊಂದು ಬದಿಯಲ್ಲಿಯೂ ಇದೇ ಜೋಡಣೆ: 12ನೆಯ ಪಿನ್ನಿನಿಂದ 10 ಕಿಲೋಓಮ್ ‘ಆ’ ಬಿಂದುವಿಗೆ, ಅಲ್ಲಿಂದ 10 ನ್ಯಾನೋಫ್ಯಾರಡ್ ಗ್ರೌಂಡಿಗೆ, 10 ಕಿಲೋಓಮ್ 13ಕ್ಕೆ, 10 ಕಿಲೋಓಮ್ 14ಕ್ಕೆ, 13 ಮತ್ತು 14ರ ನಡುವೆ 2.2 ನ್ಯಾನೋಫ್ಯಾರಡ್.

ಉಳಿದ ಪಿನ್ನುಗಳ ವಿಷಯ ಬೇಗ ಮುಗಿಯುತ್ತದೆ. 2ರಿಂದ ಗ್ರೌಂಡಿಗೆ 47 ಮೈಕ್ರೋಫ್ಯಾರಡ್. 3 ಮತ್ತು 4 ಗ್ರೌಂಡಿಗೆ. ಒಂದು ಸ್ವರಭಾಗದ್ದು, ಇನ್ನೊಂದು ಅಂಕಿಭಾಗದ್ದು, ಎರಡೂ ಐ.ಸಿ.ಯ ಬಳಿ ಒಂದೇ ಕಡೆ ಕೂಡಬೇಕು. 5 ಖಾಲಿ. 6ರ ವಿಚಾರ ಆಗಲೇ ಹೇಳಿದೆ. 7 ಮತ್ತು 8ರಿಂದ ಗ್ರೌಂಡಿಗೆ ಒಂದೊಂದು 100 ನ್ಯಾನೋಫ್ಯಾರಡ್. 9 ಮತ್ತು 10ರ ನಡುವೆ 100 ನ್ಯಾನೋಫ್ಯಾರಡ್. 11 ಮತ್ತು 12ರ ನಡುವೆಯೂ ಅಷ್ಟೇ.

ಎರಡು ಸೋಸುಗಗಳು

ಮೇಲೆ ಎರಡು ಬಾರಿ ಬಂದ ಮೂರು ರೆಸಿಸ್ಟರು, ಎರಡು ಕೆಪಾಸಿಟರುಗಳ ಜೋಡಣೆ ತಾರಸ್ವರಗಳನ್ನು ತಡೆಯುವ ಸೋಸುಗ. ಮೊದಲನೆಯದು ಸ್ಮೃತಿ ಹಿಂಬಾಲಿಸಲಾರದಷ್ಟು ವೇಗದ ಅಲೆಗಳು ಒಳಗೆ ಹೋಗದಂತೆ ತಡೆಯುತ್ತದೆ. ಎರಡನೆಯದು ಹೊರಬಂದ ಮೆಟ್ಟಿಲುಗಳ ಅಂಚುಗಳನ್ನು ನುಣುಪು ಮಾಡುತ್ತದೆ. ಮೂರು ರೆಸಿಸ್ಟರುಗಳೂ ಸಮನಾಗಿದ್ದಾಗ ಲೆಕ್ಕ ಸುಲಭ. ಎರಡು ಕೆಪಾಸಿಟರುಗಳ ಗುಣಲಬ್ಧದ ವರ್ಗಮೂಲವನ್ನು ರೋಧದಿಂದಲೂ 2πಯಿಂದಲೂ ಗುಣಿಸಿ, ಅದರಿಂದ 1ನ್ನು ಭಾಗಿಸಿದರೆ ತಡೆಯ ಆವೃತ್ತಿ ಬರುತ್ತದೆ. 10 ನ್ಯಾನೋಫ್ಯಾರಡ್, 2.2 ನ್ಯಾನೋಫ್ಯಾರಡ್, 10 ಕಿಲೋಓಮಿಗೆ ಇದು 3.4 ಕಿಲೋಹರ್ಟ್ಸ್. ಸೋಸುಗದ ತೀಕ್ಷ್ಣತೆ ಎರಡು ಕೆಪಾಸಿಟರುಗಳ ನಿಷ್ಪತ್ತಿಯ ವರ್ಗಮೂಲದ ಮೂರನೆಯ ಒಂದು ಭಾಗ, ಇಲ್ಲಿ 0.71. ಅಂಚಿನಲ್ಲಿ ಉಬ್ಬು ಬೀಳದೆ, ತೀರ ಜಾರದೆ ಇಳಿಯುವ ಸೋಸುಗಕ್ಕೆ ಬೇಕಾದ ಬೆಲೆ ಸರಿಯಾಗಿ ಇದೇ. ಬಟರ್‌ವರ್ತ್ ಎಂಬ ಹೆಸರಿನಿಂದ ವಿದ್ಯಾರ್ಥಿಗಳು ಇದನ್ನು ಓದಿರುತ್ತಾರೆ.

3.4 ಕಿಲೋಹರ್ಟ್ಸ್ ಎಂದರೆ ಹಳೆಯ ಟೆಲಿಫೋನಿನ ಮೇಲಣ ಮಿತಿ. ಅಷ್ಟು ಸಾಕೇ ಎಂಬ ಸಂದೇಹ ಬರುವುದು ಸಹಜ. ಇಪ್ಪತ್ತೆರಡು ಮನೆಗಳ ಗಿಟಾರಿನ ಅತ್ಯಂತ ಎತ್ತರದ ಸ್ವರದ ಮೂಲ ಆವೃತ್ತಿ 1175 ಹರ್ಟ್ಸ್. ಅತಿ ಕೆಳಗಿನ ತೆರೆದ ತಂತಿಯದು 82. ಮೂಲಸ್ವರಗಳೆಲ್ಲ ಸಲೀಸಾಗಿ ಹಾಯುತ್ತವೆ. ಕುಂದುವುದು ಮೇಲಿನ ಅನುರಣನಗಳು ಮಾತ್ರ. ಅದೂ ಮಾರ್ದನಿಯಲ್ಲಿ ಮಾತ್ರ, ಏಕೆಂದರೆ ಮೂಲಸ್ವರ ನೇರದ ದಾರಿಯಲ್ಲಿ ಅಖಂಡವಾಗಿ ಹೋಗುತ್ತದೆ. ದೂರದಿಂದ ಬರುವ ಮಾರ್ದನಿ ಪ್ರಕೃತಿಯಲ್ಲಿಯೂ ಮೂಲಕ್ಕಿಂತ ಮಂದವಾಗಿಯೇ ಇರುವುದರಿಂದ ಕಿವಿ ಇದನ್ನು ಕೊರತೆಯೆಂದು ಎಣಿಸುವುದಿಲ್ಲ. ತೆರಲೇಬೇಕಾದ ಬೆಲೆಯನ್ನು ಕಿವಿ ಗಮನಿಸದ ಕಡೆಯಲ್ಲಿ ತೆರುವುದೇ ಈ ಸೋಸುಗಗಳ ಜಾಣ್ಮೆ.

ಮರುಕಳಿಕೆ

ಒಂದೇ ಮಾರ್ದನಿ ಸಾಲದು. ಅದು ಮತ್ತೆ ಮತ್ತೆ ಕೇಳಿ ಕ್ರಮೇಣ ಕರಗಬೇಕು. ಇದಕ್ಕಾಗಿ ವಿಳಂಬಿತ ಸಂಕೇತದ ಒಂದು ಪಾಲನ್ನು ಮತ್ತೆ ಒಳದಾರಿಗೆ ಹಾಯಿಸಬೇಕು. 14ನೆಯ ಪಿನ್ನಿನಿಂದ 1 ಮೈಕ್ರೋಫ್ಯಾರಡಿನ ಮೂಲಕ ಬಂದ ತಂತಿಯನ್ನು 50 ಕಿಲೋಓಮಿನ ಎರಡು ಪೊಟೆನ್ಷಿಯೊಮೀಟರುಗಳ ಮೇಲ್ತುದಿಗಳಿಗೆ ಕೊಡಬೇಕು. ಎರಡರ ಕೆಳತುದಿಗಳೂ ಗ್ರೌಂಡಿಗೆ. ಮೊದಲನೆಯದರ ನಡುತುದಿ 1 ಮೈಕ್ರೋಫ್ಯಾರಡ್, 22 ಕಿಲೋಓಮ್‌ಗಳ ಮೂಲಕ ಟಿ.ಎಲ್. 072ರ 6ನೆಯ ಪಿನ್ನನ್ನು ಸೇರುತ್ತದೆ. ಇದು ಮಾರ್ದನಿಯ ಪ್ರಮಾಣ. ಎರಡನೆಯದರ ನಡುತುದಿ 1 ಮೈಕ್ರೋಫ್ಯಾರಡ್, 12 ಕಿಲೋಓಮ್‌ಗಳ ಮೂಲಕ ‘ಅ’ ಬಿಂದುವಿಗೆ. ಇದು ಮರುಕಳಿಕೆ. 1 ಮೈಕ್ರೋಫ್ಯಾರಡಿನವು ಧ್ರುವವುಳ್ಳವಾಗಿದ್ದರೆ, ಐ.ಸಿ. ಅಥವಾ ಆಪ್‌ಆಂಪಿನ ಕಡೆಗೆ ಧನತುದಿ, ಪೊಟೆನ್ಷಿಯೊಮೀಟರು, ಜ್ಯಾಕುಗಳ ಕಡೆಗೆ ಋಣತುದಿ ಎಂದು ಇಡಬೇಕು. ಆಪ್‌ಆಂಪಿನ 1ನೆಯ ಪಿನ್ನಿನಿಂದ ‘ಅ’ಕ್ಕೆ ಹೋಗುವ ಕೆಪಾಸಿಟರಿನ ಧನತುದಿ ಆಪ್‌ಆಂಪಿನ ಕಡೆಗೆ, ಏಕೆಂದರೆ ಅಲ್ಲಿ 4.5 ವೋಲ್ಟು, ಇತ್ತ 2.5.

12 ಕಿಲೋಓಮನ್ನು ಆರಿಸಿದ್ದಕ್ಕೆ ಕಾರಣವಿದೆ. ‘ಅ’ ಬಿಂದುವಿನಲ್ಲಿ ಮರುಕಳಿಕೆಯ ವರ್ಧನೆ 10ನ್ನು 12ರಿಂದ ಭಾಗಿಸಿದಷ್ಟು, ಎಂದರೆ 0.83. ಐ.ಸಿ.ಯ ಸ್ವಂತ ವರ್ಧನೆ ಹೆಚ್ಚುಕಡಿಮೆ 1. ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಪ್ರತಿ ಮಾರ್ದನಿಯು ಹಿಂದಿನದಕ್ಕಿಂತ 1.6 ಡೆಸಿಬೆಲ್ ಕಡಿಮೆಯಾಗುತ್ತದೆ. 40 ಡೆಸಿಬೆಲ್ ಇಳಿಯಲು ಇಪ್ಪತ್ತೈದು ಮಾರ್ದನಿಗಳು ಬೇಕು. 340 ಮಿಲಿಸೆಕೆಂಡಿನ ವಿಳಂಬದಲ್ಲಿ ಎಂಟೂವರೆ ಸೆಕೆಂಡು. ಅದಕ್ಕಿಂತ ಹೆಚ್ಚು ಯಾರಿಗೂ ಬೇಡವೆಂದು ನಮ್ಮ ಎಣಿಕೆ. ಈ ರೆಸಿಸ್ಟರನ್ನು 8.2ಕ್ಕೆ ಇಳಿಸಿದರೆ ವರ್ಧನೆ 1ನ್ನು ಮೀರುತ್ತದೆ. ಆಗ ಪ್ರತಿ ಮಾರ್ದನಿ ಹಿಂದಿನದಕ್ಕಿಂತ ದೊಡ್ಡದಾಗಿ, ಗಿಟಾರನ್ನು ಮುಟ್ಟದಿದ್ದರೂ ಯಂತ್ರ ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ. ಮಾರ್ದನಿಗೂ ಕೂಗಿಗೂ ನಡುವೆ ಇರುವ ಗೆರೆ ಆ 1 ಎಂಬ ಸಂಖ್ಯೆಯೇ. ಇದನ್ನು ಕಿವಿಯಿಂದ ಒಮ್ಮೆ ಕೇಳಿದ ವಿದ್ಯಾರ್ಥಿಗೆ ಆಂದೋಲಕಗಳ ಪಾಠ ಬೇಗ ತಿಳಿಯುತ್ತದೆ. ಆದ್ದರಿಂದ ಬ್ರೆಡ್‌ಬೋರ್ಡಿನ ಮೇಲಿರುವಾಗ ತಾತ್ಕಾಲಿಕವಾಗಿ, ಲೌಡ್‌ಸ್ಪೀಕರಿನ ಧ್ವನಿಯನ್ನು ತಗ್ಗಿಸಿಕೊಂಡು, 8.2 ಹಾಕಿ ನೋಡುವುದಕ್ಕೆ ನಮ್ಮ ಅಡ್ಡಿಯಿಲ್ಲ.

ಗುಂಡಿ ನಡುವಿನಲ್ಲಿದ್ದಾಗ ಮರುಕಳಿಕೆ ಅರ್ಧವಾಗಿರುತ್ತದೆಂದು ತಿಳಿಯಬಾರದು. 50 ಕಿಲೋಓಮಿನ ಮೇಲೆ 12ರ ಭಾರ ಬೀಳುವುದರಿಂದ ಅಲ್ಲಿ ವರ್ಧನೆ 0.2 ಮಾತ್ರ. ಬದಲಾವಣೆಯೆಲ್ಲ ಕೊನೆಯ ಕಾಲು ಸುತ್ತಿನಲ್ಲಿಯೇ ತೀವ್ರ. ಇನ್ನೊಂದು ಸಂಗತಿ: ಪ್ರತಿ ಸುತ್ತಿನಲ್ಲಿಯೂ ಸಂಕೇತ ಎರಡು ಸೋಸುಗಗಳನ್ನು ದಾಟುವುದರಿಂದ 3.4 ಕಿಲೋಹರ್ಟ್ಸ್‌ನ ಅಂಶ ಸುತ್ತಿಗೆ ಕನಿಷ್ಠ 6 ಡೆಸಿಬೆಲ್ ಹೆಚ್ಚಾಗಿ ಕುಂದುತ್ತದೆ. ಮಾರ್ದನಿಗಳು ಸಣ್ಣದಾಗುವುದರ ಜೊತೆಗೆ ಮಂದವೂ ಆಗುತ್ತ ಹಿಂದೆ ಸರಿಯುತ್ತವೆ. ಹಳೆಯ ಟೇಪು ಯಂತ್ರಗಳ ನಾದವನ್ನು ಬಲ್ಲವರು ಇದನ್ನು ಗುರುತಿಸಿಯಾರು.

ಪರೀಕ್ಷೆ

ಬೆಸುಗೆಗೆ ಮೊದಲು ಎಲ್ಲವನ್ನೂ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿ ನೋಡಬೇಕು. ಐ.ಸಿ.ಗಳನ್ನು ಇಡದೆಯೇ ವಿದ್ಯುತ್ತನ್ನು ಹಾಯಿಸಿ, ಪಿ.ಟಿ. 2399ರ 1ನೆಯ ಪಿನ್ನು ಬರುವ ಸ್ಥಳದಲ್ಲಿ 5 ವೋಲ್ಟು ಇರುವುದನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಅಲ್ಲಿ 9 ಕಂಡರೆ ನಿಯಂತ್ರಕದ ಕಾಲುಗಳು ಅದಲುಬದಲಾಗಿವೆ, ಐ.ಸಿ.ಯನ್ನು ಇಟ್ಟಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಐ.ಸಿ.ಗಳನ್ನಿಟ್ಟ ಮೇಲೆ 2ನೆಯ ಪಿನ್ನಿನಲ್ಲಿ 2.5 ವೋಲ್ಟು, ಟಿ.ಎಲ್. 072ರ 1 ಮತ್ತು 7ರಲ್ಲಿ ಸುಮಾರು 4.5 ವೋಲ್ಟು ಬರಬೇಕು. ಅದರ 3ನೆಯ ಪಿನ್ನಿನಲ್ಲಿ ಮೀಟರು ಕಡಿಮೆ ತೋರಿಸಿದರೆ ಗಾಬರಿ ಬೇಡ. 1 ಮೆಗಾಓಮಿನ ಹಿಂದೆ ಮೀಟರಿನ ರೋಧವೇ ಭಾರವಾಗುತ್ತದೆ.

ಗಿಟಾರಿನ ಸ್ವರ ಬಂದು ಮಾರ್ದನಿ ಬಾರದಿದ್ದರೆ 12ನೆಯ ಪಿನ್ನಿನಲ್ಲಿ ಸಂಕೇತವಿದೆಯೇ ಎಂದು ನೋಡಬೇಕು. ಇದ್ದರೆ ದೋಷ ಅದರಾಚೆಗೆ, ಇಲ್ಲದಿದ್ದರೆ ಈಚೆಗೆ. ಜೋರಾಗಿ ಮೀಟಿದಾಗ ಮಾತ್ರ ಮಾರ್ದನಿ ಒಡೆದು ಕೇಳಿಸಿದರೆ ಅದು ದೋಷವಲ್ಲ. 5 ವೋಲ್ಟಿನಲ್ಲಿ ನಡೆಯುವ ಐ.ಸಿ. ಅದಕ್ಕಿಂತ ದೊಡ್ಡ ಅಲೆಯನ್ನು ಹಿಡಿಸಲಾರದು. ಸಂಕೇತವನ್ನು ಬಹಳ ಹಿಗ್ಗಿಸುವ ಬೇರೆ ಪೆಡಲು ಮುಂದಿದ್ದರೆ ಅದರ ಹೊರಮಟ್ಟವನ್ನು ತಗ್ಗಿಸಬೇಕು. ಸ್ವರವೊಂದು ಸ್ಮೃತಿಯಲ್ಲಿರುವಾಗಲೇ ವಿಳಂಬದ ಗುಂಡಿಯನ್ನು ತಿರುಗಿಸಿದರೆ ಶ್ರುತಿ ಏರಿಳಿಯುತ್ತದೆ. ಒಂದು ವೇಗದಲ್ಲಿ ಬರೆದದ್ದನ್ನು ಇನ್ನೊಂದು ವೇಗದಲ್ಲಿ ಓದಿದ್ದೇ ಕಾರಣ. ಗಡಿಯಾರ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಇದೇ ಕಾರಣದಿಂದ 6ನೆಯ ಪಿನ್ನಿನ ತಂತಿ ಗಿಡ್ಡವಾಗಿರಬೇಕು. ಉದ್ದವಾದ ತಂತಿ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಜನವನ್ನು ಹೀರಿ, ಮಾರ್ದನಿಯ ಶ್ರುತಿಯನ್ನೇ ನಡುಗಿಸಬಲ್ಲದು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಯನ್ನು ಗ್ರೌಂಡಿಗೆ ಜೋಡಿಸುವುದೂ ಅಗತ್ಯ. ಯಂತ್ರವನ್ನು ದಾರಿಯಿಂದ ತಪ್ಪಿಸಲು ಒಂಬತ್ತು ಕಾಲುಗಳ ಕಾಲೊತ್ತು ಸ್ವಿಚ್ಚು, ದೀಪಕ್ಕೆ 4.7 ಕಿಲೋಓಮ್ ಸೇರಿಸಿದ ಒಂದು ಎಲ್.ಇ.ಡಿ. ಸಾಕು.

ಬಳಕೆಯ ವಿಷಯದಲ್ಲಿ ಎರಡು ಅಳತೆಗಳು. ಮೆಂಫಿಸ್ಸಿನ ಆ ಚುರುಕು ಮಾರ್ದನಿಗೆ 80ರಿಂದ 130 ಮಿಲಿಸೆಕೆಂಡು ವಿಳಂಬ, ಮರುಕಳಿಕೆ ಸೊನ್ನೆ. ಲಯಕ್ಕೆ ಹೊಂದಿಸಬೇಕಾದರೆ 60,000ವನ್ನು ನಿಮಿಷದ ತಾಳಗಳ ಸಂಖ್ಯೆಯಿಂದ ಭಾಗಿಸಿ ಒಂದು ತಾಳದ ಮಿಲಿಸೆಕೆಂಡುಗಳನ್ನು ಪಡೆಯಬೇಕು. ನಿಮಿಷಕ್ಕೆ 120 ತಾಳವಿದ್ದಾಗ ಅರ್ಧ ತಾಳಕ್ಕೆ 250. ನಮ್ಮ ಯಂತ್ರಕ್ಕೆ ಇದು ಸುಲಭ. ಮುಕ್ಕಾಲು ತಾಳಕ್ಕೆ 375. ಇದು ನಮ್ಮ ಮಿತಿಗೆ ಹೊರಗಿನದು.

ಆ 375 ಬೇಕೇ ಬೇಕೆನ್ನುವವರಿಗೆ ಗಡಿಯಾರವನ್ನು ಇಳಿಸುವುದಕ್ಕಿಂತ ಉತ್ತಮವಾದ ದಾರಿಯೊಂದಿದೆ. ಎರಡು ಪಿ.ಟಿ. 2399ಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಒಂದೊಂದರಿಂದ 188 ಮಿಲಿಸೆಕೆಂಡು ಪಡೆಯಬಹುದು. ಸ್ಮೃತಿ ಇಮ್ಮಡಿಯಾದುದರಿಂದ ಗಡಿಯಾರ 3.6 ಮೆಗಾಹರ್ಟ್ಸ್‌ನಲ್ಲಿಯೇ ಉಳಿಯುತ್ತದೆ. ಬೆಲೆಯನ್ನು ಸ್ವಚ್ಛತೆಯಲ್ಲಿ ತೆರದೆ ಹಣದಲ್ಲಿ ತೆತ್ತಂತಾಯಿತು. 100 ಮಿಲಿಆಂಪಿಯರಿನ 78ಎಲ್05 ಎರಡಕ್ಕೂ ಸಾಲುತ್ತದೆ. ಆದರೆ ಸ್ವಲ್ಪವೇ ಭಿನ್ನವಾದ ಎರಡು ಗಡಿಯಾರಗಳು ಒಂದೇ ಪೆಟ್ಟಿಗೆಯಲ್ಲಿ ಓಡುವಾಗ ಅವುಗಳ ಅಂತರದ ಆವೃತ್ತಿ ಸಿಳ್ಳಿನಂತೆ ಕೇಳಿಸುವುದುಂಟು. ಅದನ್ನು ತಡೆಯಲು ಒಂದೊಂದು ಐ.ಸಿ.ಯ 1ನೆಯ ಪಿನ್ನಿಗೂ ಪ್ರತ್ಯೇಕವಾಗಿ 100 ನ್ಯಾನೋಫ್ಯಾರಡ್ ಮತ್ತು 47 ಮೈಕ್ರೋಫ್ಯಾರಡನ್ನು ಕೊಟ್ಟು, ಎರಡು ಐ.ಸಿ.ಗಳನ್ನು ಹಲಗೆಯ ಎರಡು ತುದಿಗಳಲ್ಲಿ ದೂರದೂರ ಇಡಬೇಕು.